ಬೀಗರೂಟದ ದಿನ ಕಾಣೆಯಾದ ಕಲ್ಲು

ಫೆಬ್ರವರಿ ಎಂಟರ ಭಾನುವಾರ ಸಂಜೆ, ಕಗ್ಗದಾಸಪುರದ ರಾಮಾಂಜಿನಪ್ಪ ಅರ್ಧ ಬೀದಿಯನ್ನೇ ಬೆನ್ನಿಗೆ ಕಟ್ಟಿಕೊಂಡು ಠಾಣೆಗೆ ಬಂದರು. ಎಪ್ಪತ್ತು ದಾಟಿದ ಮನುಷ್ಯ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ಪಟಾಲಮ್ಮನ ಗುಡಿಯ ಸಮಿತಿಗೆ ಅವರೇ ಅಧ್ಯಕ್ಷರು. ಬೀದಿಯವರೆಲ್ಲ ಹೊರಮಾವಿಗೆ ಬೀಗರೂಟಕ್ಕೆ ಹೋಗಿದ್ದಾಗ ಹಾಡಹಗಲೇ ಗುಡಿಯ ಕಲ್ಲನ್ನು ಯಾರೋ ಕದ್ದೊಯ್ದಿದ್ದಾರೆ ಎಂಬುದು ಅವರ ದೂರು.

"ಯಾರ ಮೇಲಾದ್ರೂ ಅನುಮಾನ?" ಇನ್‌ಸ್ಪೆಕ್ಟರ್ ಶಿವರುದ್ರಪ್ಪ ಕೇಳಿದರು.

"ಹೊರಗಿನೋರು ಸಾರ್. ಆದ್ರೆ ಯಾರೇ ಆಗ್ಲಿ, ಬಿಡ್ಬೇಡಿ. ನಾನೇ ಬಂದು ಕೈಮುಗಿದ್ರೂ ಬಿಡ್ಬೇಡಿ."

ಎಫ್‌ಐಆರ್ ದಾಖಲಾಯಿತು. ಪೂಜಾಸ್ಥಳದ ವಿಗ್ರಹ ಕಳವು, ಸಾಬೀತಾದರೆ ಏಳು ವರ್ಷದವರೆಗೆ ಸಜೆ. ಶಿವರುದ್ರಪ್ಪ ಹೆಡ್ ಕಾನ್‌ಸ್ಟೆಬಲ್ ನೂರ್ಜಹಾನ್ ಅವರನ್ನು ಕರೆದುಕೊಂಡು ಸ್ಥಳಕ್ಕೆ ಹೊರಟರು.

ಎರಡು ಅಪಾರ್ಟ್‌ಮೆಂಟುಗಳ ನಡುವೆ ಮುದುಡಿ ಕೂತ ಪುಟ್ಟ ಗುಡಿ. ಬಾಗಿಲಿಗೆ ಬರೀ ಚಿಲಕ. ಹೊರಗೆ ಹೊಸ ಟೈಲ್ಸಿನ ರಾಶಿ ಬಿದ್ದಿತ್ತು. ಮಂಗಳವಾರ ಕೆಲಸದವರು ಬರಬೇಕಿತ್ತು. ಕಲ್ಲಿನ ಉಬ್ಬುತಗ್ಗನ್ನೆಲ್ಲ ಮಷಿನ್ ಹಿಡಿದು ಸಮ ಮಾಡಿ, ಪಾಲಿಶ್ ಕೊಟ್ಟು, ಬಂಗಾರದ ಬಣ್ಣ ಬಳಿಯುವುದೆಂದು ಸಮಿತಿ ತೀರ್ಮಾನಿಸಿತ್ತು. ಅಮ್ಮ ಲಕಲಕ ಹೊಳೆಯಬೇಕು ಎಂಬುದು ರಾಮಾಂಜಿನಪ್ಪನವರ ಆಸೆ.

ಪಂಚನಾಮೆ ಬರೆಯಲು ಕೂತ ನೂರ್ಜಹಾನ್‌ಗೆ ಮೊದಲ ಸಾಲಿನಲ್ಲೇ ತೊಡಕಾಯಿತು. ಕಲ್ಲಿದ್ದ ಜಾಗ ಖಾಲಿ ಇರಲಿಲ್ಲ. ಒಂದು ಗುಂಡುಕಲ್ಲನ್ನು ತೊಳೆದು, ಅರಿಶಿನ ಬಳಿದು, ಕುಂಕುಮ ಇಟ್ಟು ಅಲ್ಲಿ ಕೂರಿಸಲಾಗಿತ್ತು. ಮುಂದೆ ಲೋಟದಲ್ಲಿ ಹಾಲು. ಅಮ್ಮನ ಬೆಳ್ಳಿ ಕಣ್ಣುಗಳನ್ನು ಆ ಗುಂಡುಕಲ್ಲಿಗೇ ಅಂಟಿಸಲಾಗಿತ್ತು. ಕಲ್ಲು ಹೋಯಿತೆಂಬ ಗಾಬರಿಯಲ್ಲಿ ಬೀದಿಯವರು ಇದನ್ನು ಸರಿಯಾಗಿ ನೋಡಿರಲಿಲ್ಲ.

"ಬೆಳ್ಳಿ ಬಿಟ್ಟು ಕಲ್ಲು ಹೊತ್ಕೊಂಡು ಹೋಗೋ ಕಳ್ಳ ಯಾರು ಸರ್?"

ಶಿವರುದ್ರಪ್ಪ ರಾಮಾಂಜಿನಪ್ಪನವರ ಕಡೆ ತಿರುಗಿದರು. "ನಿಮ್ಮಲ್ಲಿ ಹಿಂಗಿಡೋ ಪದ್ಧತಿ ಇದೆಯಾ?"

"ಅದೆ ಸಾರ್. ಅಮ್ಮನ್ನ ಎತ್ತಿದ್ರೆ ಜಾಗ ಬರಿದಾಗಿ ಬಿಡಂಗಿಲ್ಲ. ಕಲ್ಲಿಟ್ಟು, ಹಾಲಿಟ್ಟು, ವಾಪಸ್ ಬರೋಗಂಟ ಇಲ್ಲೇ ಇರು ತಾಯಿ ಅಂತ ಕೇಳ್ಕೋಬೇಕು."

"ಯಾರು ಮಾಡೋದು?"

"ನಮ್ಮನೆ ಹೆಣ್ಮಕ್ಕಳೇ ಮಾಡ್ಬೇಕು. ಬೇರೆಯೋರಿಗೆ ಗೊತ್ತೂ ಇಲ್ಲ."

ಹೆಮ್ಮೆಯಿಂದಲೇ ಹೇಳಿದ್ದರು. ಹೇಳಿ ಮುಗಿಸಿದ ಮೇಲೆ ಮುಖ ಸಪ್ಪಗಾಯಿತು.

"ಬೀಗರೂಟಕ್ಕೆ ನಿಮ್ಮನೆಯಿಂದ ಯಾರು ಬಂದಿರ್ಲಿಲ್ಲ?"

ರಾಮಾಂಜಿನಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. "ಮೊಮ್ಮಗಳು. ಭವ್ಯ. ನಾಳೆ ಪರೀಕ್ಷೆ ಅದೆ ಅಂದ್ಳು."

ಅವರು ಪಂಚನಾಮೆಗೆ ಸಹಿ ಹಾಕಿದರು. ಮನೆಯಲ್ಲಿ ಭವ್ಯ ಇರಲಿಲ್ಲ, ಫೋನೂ ಎತ್ತಲಿಲ್ಲ.

ಎದುರಿನ ಅಪಾರ್ಟ್‌ಮೆಂಟಿನ ಸಿಸಿಟಿವಿಯಲ್ಲಿ ಮಧ್ಯಾಹ್ನ ಒಂದು ಲಗೇಜ್ ಆಟೋ ಬಂದುಹೋದದ್ದು ಕಾಣಿಸಿತು. ನಂಬರ್ ಹಿಡಿದು ಹೋದರೆ ಸಿಕ್ಕಿದ್ದು ಹಲಸೂರಿನ ಅಂಬಣ್ಣ. ಸೋಮವಾರ ಬೆಳಿಗ್ಗೆ ಠಾಣೆಗೆ ಬಂದವನು ಕುರ್ಚಿಯ ತುದಿಯಲ್ಲಿ ಕೂತ.

"ಕದ್ದಿದ್ದು ಅಂತ ಗೊತ್ತಿರ್ಲಿಲ್ವಾ?"

"ದೇವ್ರಾಣೆ ಇಲ್ಲ ಸಾರ್. ಪಾಲಿಶ್‌ಗೆ ಅಂದ್ರು ಆ ಹುಡುಗಿ. ಚಪ್ಪಲಿ ಬಿಡ್ಸಿದ್ರು, ಪೂಜೆ ಮಾಡಿದ್ರು, ಆಮೇಲೆ ಹಲಗೆ ಕೊಟ್ಟು ಜಾರಿಸ್ಕೊಂಡ್ವಿ. ಕದಿಯೋರು ಪೂಜೆ ಮಾಡ್ತಾರಾ?"

"ಎಲ್ಲಿಗೆ ಇಳಿಸ್ದೆ?"

"ಕುಕ್ ಟೌನು. ಹಳೇ ಬಂಗ್ಲೆ ಹಿಂದಿನ ಶೆಡ್ಡು."

ದಾರಿಯಲ್ಲಿ ಶಿವರುದ್ರಪ್ಪ ಭವ್ಯಳ ವಿಶ್ವವಿದ್ಯಾಲಯಕ್ಕೂ ಹೋದರು. ಕಲಾ ಇತಿಹಾಸ ವಿಭಾಗದ ಅಧ್ಯಾಪಕ ರವಿಕಿರಣ ವಿಷಯ ಕೇಳಿ ಬೆಚ್ಚಿದರು.

"ಇವತ್ತು ಯಾವ ಪರೀಕ್ಷೆನೂ ಇಲ್ಲ ಸರ್. ಆ ಕಲ್ಲಿನ ಮೇಲೇ ಅವಳ ಪ್ರಬಂಧ. ಅದು ವೀರಗಲ್ಲು. ಅರಿಶಿನದ ಅಡೀಲಿ ಕೆತ್ತನೆ ಇದೆ. ಮಷಿನ್ ಹಿಡಿದ್ರೆ ಎಲ್ಲಾ ಹೋಗುತ್ತೆ ಅಂತ ಇಲ್ಲಿ ಬಂದು ಅತ್ತಳು."

"ನೀವೇನಂದ್ರಿ?"

"ಮನೆಯವರಿಗೆ ತಿಳಿಸಿ ಹೇಳು ಅಂದೆ." ಅವರು ಕನ್ನಡಕ ತೆಗೆದರು. "ಸಾವಿರ ವರ್ಷದ ಹಿಂದಿನದನ್ನ ನೋಡೋದು ಹೇಗೆ ಅಂತ ಕಲಿಸ್ತೀವಿ. ತಾತನಿಗೆ ಹೇಳೋದು ಹೇಗೆ ಅಂತ ಕಲಿಸಲ್ಲ."

ಕುಕ್ ಟೌನಿನ ಬಂಗಲೆಯ ಒಡತಿ ಮಾರಿಯಾ ಗೇಟಿನಲ್ಲೇ ಅಡ್ಡ ನಿಂತರು. "ಒಳ್ಳೆ ಹುಡುಗಿ ಸಾರ್, ಪಾವಂ, ಪಾಪದ್ದು. ಓದೋಕೆ ಅಂತ ಶೆಡ್ ತಗೊಂಡಿದೆ." ನೂರ್ಜಹಾನ್ ಮೆಲ್ಲಗೆ ಅವರನ್ನು ಪಕ್ಕಕ್ಕೆ ಸರಿಸಿದರು.

ಶೆಡ್ಡಿನೊಳಗೆ ಕಲ್ಲು ಗೋಡೆಗೆ ಒರಗಿ ನಿಂತಿತ್ತು. ಎಣ್ಣೆ, ಅರಿಶಿನ ಒಂದಿಷ್ಟೂ ಇರಲಿಲ್ಲ. ಮೆತ್ತನೆ ಬ್ರಷ್ ಹಿಡಿದ ಹುಡುಗಿ ಎದ್ದು ನಿಂತಳು. ಓಡುವ ಪ್ರಯತ್ನವನ್ನೇನೂ ಮಾಡಲಿಲ್ಲ.

"ಎಲ್ಲಿಂದ ತಂದ್ಯಮ್ಮ ಇದನ್ನ?"

"ಹೇಳಲ್ಲ ಸರ್."

ಗುರುತು ಹಿಡಿಯಲು ಫಿರ್ಯಾದಿಯೇ ಬೇಕು. ಕರೆಸಿದರು. ರಾಮಾಂಜಿನಪ್ಪ ಮೊಮ್ಮಗಳ ಮುಖ ನೋಡದೆ ನೇರ ಕಲ್ಲಿನ ಮುಂದೆ ಹೋಗಿ ನಿಂತರು. ಬಿಲ್ಲು ಹಿಡಿದ ಗಂಡಸು, ಅವನ ಹಿಂದೆ ದನಗಳು. ಮೇಲಿನ ಸಾಲಿನಲ್ಲಿ ಅವನನ್ನು ತೋಳು ಹಿಡಿದು ಒಯ್ಯುತ್ತಿರುವ ಇಬ್ಬರು ಹೆಂಗಸರು. ಮುದುಕ ಬಗ್ಗಿ ನೋಡಿದರು, ಹಿಂದೆ ಮುಂದೆ ಹುಡುಕಿದರು.

"ಇದಲ್ಲ ಸಾರ್."

ಮೊಮ್ಮಗಳನ್ನು ಉಳಿಸಲು ಮುದುಕ ಸುಳ್ಳು ಹೇಳುತ್ತಿದ್ದಾರೆಯೇ ಎಂದು ಶಿವರುದ್ರಪ್ಪ ಅವರ ಕಣ್ಣನ್ನೇ ನೋಡಿದರು. ಸುಳ್ಳಿರಲಿಲ್ಲ. ಹುಟ್ಟಿದಾಗಿನಿಂದ ಕೈಮುಗಿದ ಕಲ್ಲನ್ನು ಆ ಮನುಷ್ಯ ಒಮ್ಮೆಯೂ ಬರಿದಾಗಿ ಕಂಡಿರಲಿಲ್ಲ.

"ಸರಿಯಾಗಿ ನೋಡಿ. ನಿಮ್ದಲ್ಲ ಅಂದ್ರೆ ಕೇಸ್ ನಿಲ್ಲಲ್ಲ."

"ನಮ್ಮಮ್ಮ ಇವ್ಳಲ್ಲ ಸಾರ್. ಇದ್ಯಾವ್ದೋ ಗಂಡಸಿನ ಕಲ್ಲು."

ಭವ್ಯ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ನೂರ್ಜಹಾನ್ ಮನಸ್ಸಿನಲ್ಲೇ, ಸುಮ್ನಿರಮ್ಮ, ಸುಮ್ನಿರು ಎಂದುಕೊಂಡರು. ಹುಡುಗಿ ಬ್ರಷ್ ಕೆಳಗಿಟ್ಟಳು.

"ತಾತ, ಕಣ್ ಮುಚ್ಚಿ. ಕೈ ಕೊಡಿ ಇಲ್ಲಿ."

ಅವರ ಅಂಗೈಯನ್ನು ಕಲ್ಲಿನ ನೆತ್ತಿಯ ಮೇಲಿಟ್ಟಳು. ಪ್ರತಿ ಅಮಾವಾಸ್ಯೆಗೂ ಎಣ್ಣೆ ಹಚ್ಚಿದ ಕೈ ಅದು. ತಾನಾಗಿಯೇ ಕೆಳಗಿಳಿಯಿತು, ಎಡಗಡೆ ಮುಕ್ಕಾದ ಕಡೆ ತಡೆದು ನಿಂತಿತು, ಬಲಕ್ಕೆ ಹೊರಳಿತು.

"ನಮ್ದೇ ಸಾರ್," ಎಂದರು.

ಕಣ್ಣು ತೆರೆದಾಗ ಅವರ ಬೆರಳು ಬಿಲ್ಲುಗಾರನ ಮುಖದ ಮೇಲಿತ್ತು. "ಯಾರವ್ವ ಇವ್ನು?"

"ದನ ಬಿಡಿಸ್ಕೊಂಡು ಬರೋಕೆ ಹೋಗಿ ಸತ್ತೋನು ತಾತ. ನಮ್ಮೂರೋನೇ ಇರ್ಬೇಕು. ಹೆಸರಿಲ್ಲ."

"ಮೊದ್ಲೇ ಹೇಳ್ಬಾರ್ದಿತ್ತಾ?"

"ಹೇಳ್ದೆ. ಅಮ್ಮನ್ನ ಸತ್ತೋನು ಅಂತೀಯಾ ಅಂತ ಹೊಡೆಯೋಕೆ ಬಂದ್ರಿ."

ರಾಮಾಂಜಿನಪ್ಪ ಇನ್‌ಸ್ಪೆಕ್ಟರ್ ಕಡೆ ತಿರುಗಿದರು. ಕೈ ಮುಗಿಯಲು ಎತ್ತಿದರು, ತಾವೇ ಆಡಿದ ಮಾತು ನೆನಪಾಗಿ ಇಳಿಸಿದರು. ಕೇಸೂ ಅವರ ಕೈ ದಾಟಿ ಹೋಗಿತ್ತು. ಜಪ್ತಿ ಪಂಚನಾಮೆಗೆ ಅವರ ಸಹಿಯಾದ ಮೇಲೆ, ನೂರ್ಜಹಾನ್ ಕಾರಣ ತಿಳಿಸಿ ಭವ್ಯಳನ್ನು ದಸ್ತಗಿರಿ ಮಾಡಿದರು. ಕೇಸ್ ಡೈರಿಯಲ್ಲಿ ಶಿವರುದ್ರಪ್ಪ, ಆರೋಪಿಗೆ ಲಾಭದ ಉದ್ದೇಶ ಕಂಡುಬಂದಿಲ್ಲ, ಕೆತ್ತನೆ ಅಳಿಯದಂತೆ ಉಳಿಸಲು ಕೃತ್ಯ ಎಸಗಿದ್ದಾಳೆ ಎಂದು ಬರೆದರು. ಬರೆದದ್ದು ಕಡಿಮೆಯಾಯಿತು ಎಂದು ಅವರಿಗೇ ಅನಿಸಿತು.

ಜೀಪು ಹತ್ತುವಾಗ ಹುಡುಗಿ ಅಳಲಿಲ್ಲ. ಬಂಗಲೆಯ ಅಂಗಳದಲ್ಲಿ ತಾತ ಯಾರಿಗೋ ಫೋನ್ ಮಾಡುತ್ತಿದ್ದರು.

"ನಾಳೆ ಬರ್ಬೇಡಪ್ಪ. ಹೂಂ, ಪಾಲಿಶ್ ಬೇಡ." ಆ ಕಡೆಯವನು ಏನೋ ಕೇಳಿದ. ಮುದುಕ ತಡವರಿಸಿದರು. "ಅದ್ರಲ್ಲಿ ಒಂದು ಮುಖ ಅದೆ ಕಣಪ್ಪ."

ಆಗ ಭವ್ಯ ನೂರ್ಜಹಾನ್ ಹೆಗಲಿಗೆ ಒರಗಿ ಬಿಕ್ಕಿಬಿಕ್ಕಿ ಅತ್ತಳು.