ನೆಟ್‌ನ ಈ ಬದಿಯ ಇಬ್ಬರು

ಆಟದ ಅಂಕಣದ ಮೂಲೆಯಲ್ಲಿ ಚೆಲ್ಲಿದ್ದ ನೀರನ್ನು ಅವನು ಮಂಡಿಯೂರಿ ಒರೆಸುತ್ತಿದ್ದ. ಅವಳು ಆಸ್ಪತ್ರೆಯ ಡ್ಯೂಟಿ ಮುಗಿಸಿ ಏದುಸಿರು ಬಿಡುತ್ತಾ ಬಂದಿದ್ದಳು.

“ಸ್ವಲ್ಪ ಬೇಗ ಒರೆಸ್ತೀರಾ? ನನ್ನ ಪಾರ್ಟ್ನರ್ ಬರೋ ಹೊತ್ತಾಯ್ತು.”

ಅವನು ತಲೆಯೆತ್ತಿದ. ಹುಬ್ಬಿನ ಮೇಲೆ ಚಿಟಿಕೆಯಷ್ಟು ಮೈದಾ ಅಂಟಿತ್ತು. “ಬಂದಾಯ್ತು ಮೇಡಂ. ಒರೆಸ್ತಾ ಇದಾನೆ.”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. ಕ್ಷಮೆ ಕೇಳಲು ಹೋಗಿ ತೊದಲಿದಳು. ಅವನು ಬಟ್ಟೆ ಹಿಂಡಿ ಬದಿಗಿಟ್ಟ. “ನಾನು ಪಕ್ಕದ ಬೀದಿ ಬೇಕರಿಯವನು. ಆಟ ಸುಮಾರಾಗಿ ಬರತ್ತೆ. ಒರೆಸೋದು ಚೆನ್ನಾಗಿ ಬರತ್ತೆ.”

ಅವಳು ಹಸುಗೂಸುಗಳ ವಾರ್ಡಿನ ನರ್ಸ್. ದಿನ ತುಂಬುವ ಮೊದಲೇ ಹುಟ್ಟಿದ, ಅಂಗೈಯಲ್ಲಿ ಹಿಡಿಸುವಂಥ ಕೂಸುಗಳನ್ನು ನೋಡಿಕೊಳ್ಳುವ ಕೆಲಸ. ಕ್ಲಬ್ಬಿನ ಮೊದಲ ಪಿಕಲ್‌ಬಾಲ್ ಟೂರ್ನಮೆಂಟಿಗೆ ಅವಳ ಹೆಸರು ಕೊಟ್ಟದ್ದು ವಾರ್ಡಿನ ಡಾಕ್ಟರಮ್ಮ. “ಮನೆ, ಆಸ್ಪತ್ರೆ ಬಿಟ್ಟು ಮೂರನೇ ಜಾಗ ಅಂತ ಒಂದಿರಲಿ,” ಎಂದು ಗದರಿಸಿ ಕಳಿಸಿದ್ದರು. ಮಿಕ್ಸೆಡ್ ಡಬಲ್ಸ್‌ಗೆ ಜೋಡಿಯಿಲ್ಲದವಳಿಗೆ ಕ್ಲಬ್ಬಿನ ಕಾರ್ಯದರ್ಶಿ ಜೋಡಿಯಿಲ್ಲದವನೊಬ್ಬನನ್ನು ಗಂಟುಹಾಕಿದ್ದ.

ಟೆನಿಸ್ಸಿನ ಪುಟ್ಟ ತಂಗಿಯಂಥ ಆಟ ಅದು. ಚಿಕ್ಕ ಅಂಕಣ, ಹಲಗೆಯಂಥ ಪ್ಯಾಡಲ್, ಮೈತುಂಬ ತೂತಿರುವ ಪ್ಲಾಸ್ಟಿಕ್ ಚೆಂಡು. ನೆಟ್ಟಿನ ಪಕ್ಕದ ಪಟ್ಟಿಗೆ ಕಿಚನ್ ಎಂದು ಹೆಸರು. ಚೆಂಡು ನೆಲಕ್ಕೆ ಬಿದ್ದು ಪುಟಿಯುವ ಮೊದಲೇ ಅದರೊಳಗೆ ನಿಂತು ಹೊಡೆಯುವಂತಿಲ್ಲ. ಬೇಕರಿಯವನು ದಿನವೂ ಅದನ್ನೇ ಮರೆಯುತ್ತಿದ್ದ.

“ಮತ್ತೆ ಕಿಚನ್ ಒಳಗೆ ಕಾಲಿಟ್ರಿ!”

“ಬೆಳೆದಿದ್ದೇ ಅಡುಗೆಮನೇಲಿ ಮೇಡಂ. ಈಗ ಹೊರಗೆ ನಿಲ್ಲು ಅಂದ್ರೆ ಕಾಲು ಕೇಳಬೇಕಲ್ಲ.”

ಅವಳ ತೊಂದರೆಯೇ ಬೇರೆ. ಪ್ರತಿ ಚೆಂಡನ್ನೂ ಯಾರ ಮೇಲೋ ಹಗೆಯಿರುವಂತೆ ಹೊಡೆಯುತ್ತಿದ್ದಳು. ಚೆಂಡು ಬೇಲಿ ದಾಟಿ ಹೋಗುತ್ತಿತ್ತು. ಒಂದು ಸಂಜೆ ಅವನು ಚೆಂಡನ್ನು ಹುಡುಕಿ ತಂದು ಮೆಲ್ಲಗೆ ಕೇಳಿದ: “ವಾರ್ಡಲ್ಲಿ ಕೂಸನ್ನ ಹೀಗೇ ಎತ್ತಿಕೊಳ್ತೀರಾ?”

ಅವಳು ಕಣ್ಣು ಕೆಕ್ಕರಿಸಿದಳು. ಆದರೆ ಮುಂದಿನ ಚೆಂಡು ಅವಳ ಪ್ಯಾಡಲ್‌ನಿಂದ ನಿದ್ದೆಗಣ್ಣಲ್ಲಿ ಎದ್ದಂತೆ ಎದ್ದು, ನೆಟ್ಟಿನ ಅಂಚು ಸವರಿ, ಆಚೆ ಮೆತ್ತಗೆ ಬಿತ್ತು. ಅವನು ಚೆಂಡನ್ನು ಬಿಟ್ಟು ಅವಳ ಕೈಯನ್ನೇ ನೋಡುತ್ತಾ ನಿಂತ. ಅವಳು ನೋಡಿದ್ದೇ ತಡ, ಬಗ್ಗಿ, ಕಟ್ಟಿದ್ದ ಶೂ ಲೇಸನ್ನೇ ಮತ್ತೆ ಕಟ್ಟತೊಡಗಿದ.

“ಒಂದು ಕೇಳ್ಲಾ?” ಎಂದಳು. “ಆಸ್ಪತ್ರೆ ಕಡೆಯವರು, ಅಂಗಡಿಯವರು, ಎಲ್ಲ ನನ್ನನ್ನ ಸಿಸ್ಟರ್ ಅಂತಾನೇ ಕರೀತಾರೆ. ನೀವೊಬ್ಬರು ಮಾತ್ರ ಮೇಡಂ ಅಂತೀರಿ.”

ಅವನು ತಲೆ ಮೇಲೆತ್ತಲಿಲ್ಲ. ಕಿವಿ ಮಾತ್ರ ಕೆಂಪಾಯಿತು. “ಏನು ಬೇಕಾದ್ರೂ ಅಂತೀನಿ. ಅದೊಂದು ಬಾಯಿಗೆ ಬರಲ್ಲ.”

ಆ ದಿನ ಇಬ್ಬರಿಗೂ ಆಟ ಕೆಟ್ಟಿತು.

ಇನ್ನೊಂದು ಸಂಜೆ, ಬೆಂಚಿನ ಮೇಲೆ ಕುಳಿತು ನೀರು ಕುಡಿಯುವಾಗ, ಗಂಡ ರಸ್ತೆ ಅಪಘಾತದಲ್ಲಿ ತೀರಿಕೊಂಡದ್ದನ್ನು, ಈಗ ತಾನು ಮತ್ತು ಅತ್ತೆ ಇಬ್ಬರೇ ಇರುವುದನ್ನು ಹೇಳಿದಳು. ‘ಅಯ್ಯೋ’ ಎನ್ನುತ್ತಾನೆಂದು ಕಾದಳು. ಅವನು ನೀರಿನ ಬಾಟಲಿ ಕೆಳಗಿಟ್ಟು, “ಯಾವುದಕ್ಕೆ ನಗ್ತಿದ್ರು ಅವರು?” ಎಂದು ಕೇಳಿದ.

ಹೇಗೆ ಹೋದರು ಎಂದು ಊರೆಲ್ಲ ಕೇಳಿತ್ತು. ಹೇಗಿದ್ದರು ಎಂದು ಯಾರೂ ಕೇಳಿರಲಿಲ್ಲ.

“ತಮ್ಮ ಜೋಕಿಗೆ ತಾವೇ. ಹೇಳಿ ಮುಗಿಸೋ ಮೊದಲೇ ನಗು ಬಂದುಬಿಡೋದು. ಜೋಕು ಏನು ಅಂತ ನಮಗೆ ಗೊತ್ತಾಗ್ತಾನೇ ಇರ್ಲಿಲ್ಲ.” ಹೇಳುತ್ತ ಅತ್ತಳು. ಅವನು ಸಮಾಧಾನದ ಮಾತಾಡಲಿಲ್ಲ, ಎದ್ದೂ ಹೋಗಲಿಲ್ಲ. ಕೊನೆಗೆ, “ನನಗೂ ಮದುವೆಯಾಗಿತ್ತು. ಜೊತೆಗೆ ಬಾಳೋಕೆ ಆಗಲಿಲ್ಲ. ಬಿಟ್ಟು ಹೋದವರ ಮೇಲೆ ಸಿಟ್ಟು ಮಾಡ್ಕೋಬಹುದು. ನಿಮಗೆ ಅದೂ ಇಲ್ಲ,” ಎಂದಷ್ಟೇ ಹೇಳಿದ.

ಟೂರ್ನಮೆಂಟಿಗೆ ವಾರವಿದ್ದಾಗ ಅವಳು ಪ್ಯಾಡಲ್ ಅನ್ನು ಬೆಂಚಿನ ಮೇಲೇ ಮರೆತಳು. ಅವನು ಮನೆಯವರೆಗೂ ತಂದುಕೊಟ್ಟ. ಮೆಟ್ಟಿಲ ಬಳಿ ಅದೇನು ಹೇಳಿದನೋ, ಅವಳು ಗೋಡೆ ಹಿಡಿದುಕೊಂಡು ನಕ್ಕಳು. ತಿರುಗಿದರೆ, ತೆರೆದ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅತ್ತೆ ಅವನಿಗೆ ಕೈಮುಗಿದು ಒಳಗೆ ಹೋದರು.

ಅಂದು ಅತ್ತೆ ಅವಳ ಜೊತೆ ಊಟಕ್ಕೆ ಕೂರಲಿಲ್ಲ. ಮರುದಿನವೂ ಇಲ್ಲ. ಕೇಳಿದರೆ, “ಹಸಿವಿಲ್ಲಮ್ಮ.” ಮಗನ ಫೋಟೋದ ಎದುರು, ತನಗೆ ಬೆನ್ನು ಮಾಡಿ ಕೂತ ಆ ಮುದುಕಿಯನ್ನು ನೋಡಿ ಅವಳ ಎದೆ ಕುಸಿಯಿತು.

“ನಾಳೆಯಿಂದ ಬರಲ್ಲ,” ಎಂದಳು ಅಂಕಣದಲ್ಲಿ. “ಅತ್ತೆಗೆ ನೋವಾಗಿದೆ.”

ಅವನ ಮುಖ ಬಾಡಿತು. ಆದರೂ ದನಿ ಸಮವಾಗಿತ್ತು. “ನನ್ನಿಂದ ತಾನೇ? ನಾನೇ ಹೆಸರು ತೆಗೆಸ್ತೀನಿ. ಇಷ್ಟು ಕಲಿತಿದೀರಿ. ಬೇರೆಯವರ ಜೊತೆ ಆಡಿ.”

“ಬೇರೆಯವರ ಜೊತೆ ಆಡೋಕೆ ಅಂತ ದಿನಾ ಓಡೋಡಿ ಬರ್ತಿದ್ನಾ ನಾನು?”

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಏನು ಮಾತೆಂದು ಇಬ್ಬರಿಗೂ ತಿಳಿಯಿತು. ಅವಳು ಚೀಲ ಹೆಗಲಿಗೇರಿಸಿ ಸರಸರ ನಡೆದಳು. ಅವನು ಹಿಂದೆ ಬರಲಿಲ್ಲ.

ಮನೆಗೆ ಬಂದಾಗ ಅತ್ತೆ ಬಚ್ಚಲಲ್ಲಿ ಕುಳಿತು ಅವಳ ಒಂದು ಜೋಡಿ ಹಳೆಯ ಆಟದ ಶೂ ತಿಕ್ಕುತ್ತಿದ್ದರು.

“ಅತ್ತೆ, ಅದನ್ನ್ಯಾಕೆ... ನಾನು ಆಟ ಬಿಟ್ಟೆ.”

ಬ್ರಷ್ ನಿಂತಿತು. “ಯಾರು ಬಿಡು ಅಂದ್ರು?”

“ನೀವು ಊಟ ಬಿಟ್ಟಿರಲ್ಲ.”

ಅತ್ತೆ ಶೂಗಳನ್ನು ಬಕೆಟ್ಟಿಗೆ ಒರಗಿಸಿಟ್ಟರು. “ಅವತ್ತು ಮೆಟ್ಟಿಲಲ್ಲಿ ನೀನು ನಕ್ಕಿದ್ದು ಕೇಳಿಸ್ತು. ಯಾರ ಮನೆ ಹುಡುಗಿ ಅಂದ್ಕೊಂಡೆ. ಬಾಗಿಲು ತೆಗೆದ್ರೆ ನೀನು. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು ನಿನ್ನ ನಗುವಿನ ಗುರುತೇ ನನಗೆ ಸಿಕ್ಕಲಿಲ್ಲವಲ್ಲೇ. ಅನ್ನ ಹೇಗೆ ಇಳೀಬೇಕು?”

ಅವಳು ಒದ್ದೆ ನೆಲದ ಮೇಲೇ ಕುಳಿತಳು.

“ಸಂಕಟ ಆಗಲ್ಲ ಅಂತ ಸುಳ್ಳು ಹೇಳಲ್ಲ,” ಎಂದರು ಅತ್ತೆ. “ಅವನು ನನ್ನ ಮಗ. ನಿನ್ನ ಪಕ್ಕ ಇನ್ನೊಬ್ಬರನ್ನ ನೋಡಿದ್ರೆ ಅಲ್ಲಿ ಅವನು ಇರಬೇಕಿತ್ತು ಅನ್ಸತ್ತೆ. ಅದು ನನ್ನ ಪಾಲಿಂದು, ನಾನು ತಡ್ಕೋತೀನಿ. ಅದಕ್ಕೋಸ್ಕರ ನೀನು ಬದುಕಿದ್ದೂ ಸತ್ತ ಹಾಗಿರಬೇಡ.” ಸೊಸೆಯ ತಲೆ ಅವರ ಮಡಿಲಿಗೆ ಬಂತು. ಸೋಪಿನ ಕೈಯಲ್ಲೇ ಅತ್ತೆ ಅವಳ ಕೂದಲು ಸವರಿದರು.

ಮರುದಿನ ಅವಳು ಅಂಕಣಕ್ಕೆ ಹೋದಾಗ ಅವನು ಒಬ್ಬನೇ ಗೋಡೆಗೆ ಚೆಂಡು ಹೊಡೆಯುತ್ತಿದ್ದ. ಹೆಸರು ತೆಗೆಸಿರಲಿಲ್ಲ. ಇಬ್ಬರೂ ಬೆಳಕು ಆರುವ ತನಕ ಆಡಿದರು.

ಟೂರ್ನಮೆಂಟಿನ ಬೆಳಿಗ್ಗೆ ಅತ್ತೆ ಬಿಸಿಲಿಗೆ ಕೊಡೆ ಹಿಡಿದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ಮೊದಲ ಪಂದ್ಯವನ್ನು ಇವರು ಕೂದಲೆಳೆಯಲ್ಲಿ ಗೆದ್ದರು. ಎರಡನೆಯದರಲ್ಲಿ ಎದುರಿಗಿದ್ದದ್ದು ಕಾಲೇಜಿನ ಅಣ್ಣ ತಂಗಿ. ಚಿಗರೆಗಳ ಹಾಗೆ ಓಡಿ ಇವರನ್ನು ಹಣ್ಣುಗಾಯಿ ನೀರುಗಾಯಿ ಮಾಡಿದರು. ಕೊನೆಯ ಚೆಂಡಿಗೆ ಇಬ್ಬರೂ ನುಗ್ಗಿ, ಭುಜಕ್ಕೆ ಭುಜ ಬಡಿದು ಕೆಳಗೆ ಬಿದ್ದರು. ಚೆಂಡು ಪಕ್ಕದಲ್ಲೇ ಪುಟಿದು ಹೋಯಿತು.

ಅವನು ಮೊದಲು ಎದ್ದು ಕೈಚಾಚಿದ. ಅವಳು ಹಿಡಿದಳು. ಎದ್ದು ನಿಂತ ಮೇಲೂ ಬಿಡಲಿಲ್ಲ.

“ಸೋತ್ವಿ,” ಎಂದ ಅವನು.

“ಹೂಂ.” ಅವಳ ಉಸಿರು ಇನ್ನೂ ಏರಿತ್ತು. “ನೀವು ನನಗೆ ಬೇಕು. ಆಟಕ್ಕಲ್ಲ. ಬೆಳಿಗ್ಗೆಗೆ, ಸಂಜೆಗೆ. ಹೋದವರನ್ನ ನಾನು ಮರೆಯಲ್ಲ, ಅದನ್ನೂ ಹೇಳ್ತೀನಿ.”

ಅವನ ಕಣ್ಣು ತುಂಬಿತು. “ಮರೀಬೇಡಿ. ಮರೆಯೋ ಜಾತಿಯವರಾಗಿದ್ರೆ ನನಗೆ ಭಯ ಆಗ್ತಿತ್ತು.”

ಅತ್ತೆ ಕೊಡೆ ಮಡಚಿದರು. ಅವನನ್ನು ಕರೆದು ಎದುರಿಗೆ ಕೂರಿಸಿಕೊಂಡರು. “ನೇರ ಕೇಳ್ತೀನಪ್ಪ. ಇವಳನ್ನ ಕರ್ಕೊಂಡು ಹೋಗ್ತೀಯಾ?”

“ಇಲ್ಲಮ್ಮ. ನಿಮ್ಮನ್ನ ಬಿಟ್ಟು ಅವರು ಬರಲ್ಲ. ಬರ್ತೀನಿ ಅಂದ್ರೂ ನಾನು ಒಪ್ಪಲ್ಲ. ನೀವು ಹೂಂ ಅಂದ್ರೆ ನೀವಿರೋ ಕಡೆ ನಾನು ಬರ್ತೀನಿ.”

ಅತ್ತೆ ಅವನ ಮುಖವನ್ನು ದಿಟ್ಟಿಸಿದರು. ಅಲ್ಲಿ ಮಗನ ಒಂದು ಗೆರೆಯೂ ಇರಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದರು.

ಹೊರಗೆ ಇಳಿಯಲು ಎತ್ತರದ ಮೆಟ್ಟಿಲುಗಳಿದ್ದವು. ಅವರ ಮೊಣಕಾಲು ಮೊದಲೇ ನೋಯುತ್ತಿತ್ತು. ಒಂದು ಕೈಯನ್ನು ಸೊಸೆಯ ಹೆಗಲಿಗೆ ಹಾಕಿದರು. ಕ್ಷಣ ತಡೆದು, ಇನ್ನೊಂದನ್ನು ಅವನ ಕಡೆ ಚಾಚಿದರು.

“ಹಿಡ್ಕೋಪ್ಪ,” ಎಂದರು. “ನಿಧಾನ ನಡಿ. ನನಗೆ ಬೇಗ ಬೇಗ ಆಗಲ್ಲ.”