ಹನ್ನೊಂದು ಚಿತ್ರಗಳ ಬಲಗೈ ಹುಡುಗಿ

"ಯಾರೋ ಇವಳು?!"

ಖಾಲಿ ಗ್ಯಾಲರಿಯಲ್ಲಿ ಎಡಚಿಯ ದನಿ ಗೋಡೆಗೆ ಬಡಿದು ಅವಳಿಗೇ ವಾಪಸ್ಸು ಬಂತು. ಏಣಿಯ ಮೇಲಿದ್ದ ಗೂಬೆ ಬೆಚ್ಚಿಬಿದ್ದು, ಮೊಳೆಯ ಬದಲು ತನ್ನ ಬೆರಳಿಗೇ ಸುತ್ತಿಗೆ ಬಡಿದುಕೊಂಡ.

ಎಡಗೈಯಲ್ಲಿ ಬ್ರಷ್ ಹಿಡಿಯುವವಳಿಗೆ 'ಎಡಚಿ' ಎಂದು ಹೆಸರಿಟ್ಟವನು ಅವನು. ಬೆಳಗ್ಗೆ ಹತ್ತು ಗಂಟೆಯಾದರೂ ಕಣ್ಣು ಬಿಡದವನಿಗೆ 'ಗೂಬೆ' ಎಂದು ಹೆಸರಿಟ್ಟವಳು ಅವಳು. ಆರು ವರ್ಷದಿಂದ ಇಬ್ಬರಿಗೂ ಒಂದೇ ಸ್ಟುಡಿಯೋ. ಮೊದಲ ಸಲ ಜೊತೆಯಾಗಿ ಪ್ರದರ್ಶನ ಮಾಡೋಣವೆಂದಾಗ ಅವಳೇ ಒಂದು ಷರತ್ತು ಹಾಕಿದ್ದಳು. ಗೋಡೆಗೆ ಏರಿಸುವ ದಿನದವರೆಗೆ ಒಬ್ಬರ ಚಿತ್ರ ಇನ್ನೊಬ್ಬರು ನೋಡಬಾರದು! ಹಾಗಾಗಿ ವರ್ಷವಿಡೀ ಬೆನ್ನಿಗೆ ಬೆನ್ನು ಮಾಡಿ ಕೂತೇ ಕೆಲಸ.

ಈಗ ನೋಡಿದರೆ... ಅವನ ಹನ್ನೊಂದು ಚಿತ್ರಗಳಲ್ಲೂ ಒಬ್ಬಳೇ ಹುಡುಗಿ! ಪಕ್ಕಕ್ಕೆ ತಿರುಗಿದ ಮುಖವನ್ನು ಕೂದಲು ಮುಚ್ಚಿದೆ. ಎದ್ದು ಕಾಣುವುದು ಬ್ರಷ್ ಹಿಡಿದ ಕೈ. ಬಲಗೈ!

'ಅಂದರೆ ನಾನಲ್ಲ...' ಎಂದುಕೊಂಡಳು.

ಪಾಪ, ಇವತ್ತು ಜನ ಬರುವ ಮೊದಲೇ ಅವನಿಗೆ ಮನಸ್ಸಿನ ಮಾತು ಹೇಳಿಬಿಡಬೇಕೆಂದು ತಿಂಗಳಿಂದ ಧೈರ್ಯ ಕೂಡಿಸಿಕೊಂಡಿದ್ದಳು. ಕನ್ನಡಿ ಮುಂದೆ ನಿಂತು ಮಾತು ಬಾಯಿಪಾಠ ಕೂಡ ಮಾಡಿದ್ದಳು.

"ಇಷ್ಟ ಆಯ್ತಾ?" ಅವನು ಏಣಿ ಇಳಿದು, ಬೆರಳು ಚೀಪುತ್ತಾ ನಾಚಿಕೊಂಡು ಕೇಳಿದ.

ಇದೆಂಥ ಪ್ರಶ್ನೆ! ನನ್ನನ್ನೇ ಕೇಳ್ತಾನಲ್ಲ!

"ಚೆನ್ನಾಗಿದಾಳೆ," ಎಂದಳು ಕಷ್ಟಪಟ್ಟು. "ಅವಳಿಗೆ ಗೊತ್ತಾ?"

"ಇವತ್ತು ಗೊತ್ತಾಗ್ಲಿ ಅಂತಾನೇ ಬರೆದದ್ದು..."

ಅಷ್ಟರಲ್ಲಿ ಫ್ರೇಮ್ ಕಟ್ಟುವ ಅಣ್ಣ ಒಳಗೆ ಬಂದರು. "ಅಮ್ಮಾ, ಈ ಹನ್ನೊಂದಕ್ಕೂ ಬೆಲೆ ಚೀಟಿ ಅಂಟಿಸ್ಬೇಡಿ. ಮಾರೋದಿಲ್ವಂತೆ. ಎಲ್ಲಾ ಆ ಹುಡುಗಿಗೇ ಅಂತೆ!"

ಮುಗಿಯಿತು. ಹಾಗಾದರೆ ಇಷ್ಟು ದಿನ ತನಗೆ ಜ್ವರ ಬಂದಾಗ ಪಕ್ಕದಲ್ಲೇ ಕೂತವನು, ತನಗೆ ಬೇಕಾದ ನೀಲಿ ಬಣ್ಣಕ್ಕಾಗಿ ಊರೆಲ್ಲಾ ಸುತ್ತಿದವನು ಬರೀ ಸ್ನೇಹಿತನೇ? ಯಾವುದು ನಿಜ, ಯಾವುದು ತನ್ನ ಭ್ರಮೆ? ಅವಳು ಸೀದಾ ಎದುರಿನ ಗೋಡೆಗೆ ಹೋಗಿ ತನ್ನ ಚಿತ್ರಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದಳು.

"ಏಯ್, ತಲೆ ಕೆಟ್ಟಿದ್ಯಾ? ಇನ್ನೊಂದು ಗಂಟೇಲಿ ಜನ ಬರ್ತಾರೆ!"

"ಬರ್ಲಿ. ನಿನ್ನ ಅವಳನ್ನೇ ನೋಡ್ಲಿ!"

"ನನ್ನ ಅವಳಾ?"

"ನಾನು ಪೆದ್ದಿ ಕಣೋ! ನಿನ್ನ ಪ್ರೀತಿಸ್ತೀನಿ ಅಂತ ಇವತ್ತು ಹೇಳೋಕೆ ಬಂದೆನಲ್ಲ... ನನ್ನಂಥ ಪೆದ್ದಿ ಇನ್ಯಾರಿದ್ದಾರೆ?!"

ಬಾಯಿಪಾಠ ಮಾಡಿದ್ದೇ ಬೇರೆ, ಬಾಯಿಂದ ಬಂದದ್ದೇ ಬೇರೆ. ಅವಳು ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಫ್ರೇಮ್ ಅಣ್ಣ ಸದ್ದಿಲ್ಲದೆ ಜಾಗ ಖಾಲಿ ಮಾಡಿದರು.

"ಅದು ನೀನು ಕಣೇ!" ಅವನು ಹೆಚ್ಚುಕಡಿಮೆ ಕಿರುಚಿದ.

"ಸುಳ್ಳು! ಅವಳದು ಬಲಗೈ!"

ಅವನು ಚಿತ್ರದತ್ತ ತಿರುಗಿದ. ಒಂದು ಕ್ಷಣ ಕಣ್ಣು ಕಣ್ಣು ಬಿಟ್ಟ. ಆಮೇಲೆ ಹಣೆ ಹಣೆ ಚಚ್ಚಿಕೊಂಡ.

"ಅಯ್ಯೋ, ನನ್ನ ಬುದ್ಧಿಗಿಷ್ಟು! ತಿರುಗಿ ನೋಡ್ಬಾರ್ದು ಅಂತ ನೀನೇ ಹೇಳಿದ್ದೆ. ಚಿತ್ರದ ತಪ್ಪು ಕಾಣ್ಲಿ ಅಂತ ಸ್ಟುಡಿಯೋದಲ್ಲಿ ಪಕ್ಕದ ಗೋಡೆಗೆ ಕನ್ನಡಿ ಹಾಕ್ಕೊಂಡಿದೀವಲ್ಲ, ವರ್ಷಪೂರ್ತಿ ಅದರಲ್ಲೇ ನಿನ್ನ ನೋಡ್ದೆ. ಕಂಡದ್ದು ಕಂಡ ಹಾಗೇ ಬರ್ದೆ. ಕೈ ಅದಲು ಬದಲಾಗಿದ್ದು ಹೊಳೀಲೇ ಇಲ್ಲ!"

ಅವಳು ನಂಬಲಿಲ್ಲ. ಹತ್ತಿರ ಹೋಗಿ ಇಣುಕಿದಳು. ಕಿರುಬೆರಳು ಸೊಟ್ಟಗೆ ಮೇಲೆದ್ದಿತ್ತು. ತನ್ನ ಎಡಗೈಯನ್ನು ಎತ್ತಿ ಅದರ ಪಕ್ಕ ಹಿಡಿದಳು. ಅದೇ ಸೊಟ್ಟ, ಅದೇ ಬೆರಳು! ಅಳುವೂ ನಗುವೂ ಒಟ್ಟಿಗೇ ನುಗ್ಗಿ ಬಂದವು.

"ಈಗ ಹೇಳಿದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು," ಎನ್ನುತ್ತಾ ಅವನು ಅವಳ ಪಕ್ಕಕ್ಕೆ ಬಂದ.

"ಹೇಳಲ್ಲ. ಈಗ ನಿನ್ನ ಸರದಿ."

"ಹನ್ನೊಂದು ಸಲ ಹೇಳಿದೀನಲ್ಲೇ..."

"ಬಾಯಿಬಿಟ್ಟು ಹೇಳೋ, ಗೂಬೆ!"

ಅವನು ತೊದಲಿದ, ನಡುವೆ ಎರಡು ಸಲ ನಿಲ್ಲಿಸಿದ, ಕೊನೆಗೂ ಹೇಳಿದ.

"ಕೇಳಿಸ್ಲಿಲ್ಲ," ಎಂದಳು ಅವಳು, ಅವನ ಎದೆಗೆ ತಲೆಯಿಟ್ಟು.

"ಪರವಾಗಿಲ್ಲ ಬಿಡು. ಕೇಳಿಸೋವರೆಗೂ ಹೇಳ್ತೀನಿ."