ಜಾಗ ಬಿಟ್ಟು ಓಡುವ ಬಟನ್‌ಗಳು

"ಮುಟ್ಟಬೇಡಿ ಅದನ್ನ!"

ಅವಳ ಕೈ ಒಂದು ಕ್ಷಣ ನಿಂತಿತು. ಮರುಕ್ಷಣವೇ ಕಂಪ್ಯೂಟರ್ ಸ್ಕ್ರೀನಿನ ಅಂಚಿಗೆ ಅಂಟಿಸಿದ್ದ ಬಿಳಿ ಪಟ್ಟಿಯನ್ನು ಚರ್ರನೆ ಕಿತ್ತೇಬಿಟ್ಟಳು.

ಗಾಯಕ್ಕೆ ಹಚ್ಚುವ ಪ್ಲಾಸ್ಟರ್! ಅದನ್ನು ತುಂಡು ತುಂಡು ಕತ್ತರಿಸಿ, ಮೇಲಿಂದ ಕೆಳಗೆ ಅಂಟಿಸಿ, ಒಂದೊಂದರ ಮೇಲೂ ಪೆನ್ನಿನಲ್ಲಿ ಒಂದೊಂದು ವಾರ್ಡಿನ ಹೆಸರು ಬರೆದಿದ್ದರು. ಎಂಟು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವಳು ಬರೆದ ಪ್ರೋಗ್ರಾಂ ಮುಖಕ್ಕೆ ಪ್ಲಾಸ್ಟರ್!

"ಯಾರ್ರೀ ಇದನ್ನ ಅಂಟಿಸಿದ್ದು?"

"ನಾನೇ." ಔಷಧಿ ಕಪಾಟುಗಳ ನಡುವಿನಿಂದ ಫಾರ್ಮಾಸಿಸ್ಟ್ ಹೊರಬಂದ. ಎತ್ತರದ ಆಳು, ಗಂಟಿಕ್ಕಿದ ಹುಬ್ಬು. ಆಸ್ಪತ್ರೆಯ ನರ್ಸುಗಳೆಲ್ಲ ಅವನಿಗೆ ಬೆನ್ನ ಹಿಂದೆ ಇಟ್ಟ ಹೆಸರು ಸಿಡುಕಪ್ಪ. ಹೆಸರು ಇಟ್ಟವರು ಸುಮ್ಮನೆ ಇಟ್ಟಿರಲಿಲ್ಲ.

"ನಿಮ್ಮ ಬಟನ್‌ಗಳಿಗೆ ಒಂದು ಜಾಗ ಅಂತ ಇಲ್ಲ ಮೇಡಂ. ಓಡ್ತವೆ. ಯಾವುದು ಎಲ್ಲಿರಬೇಕು ಅಂತ ಬರೆದಿಟ್ಟಿದ್ದೀನಿ. ನೋಡಿಯಾದ್ರೂ ಕಲೀಲಿ ಅಂತ!"

"ಓಡ್ತವಾ?" ಅವಳಿಗೆ ನಗು ತಡೆಯಲಾಗಲಿಲ್ಲ. "ಕಾಲಿದೆಯೇನು ಅವಕ್ಕೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಅವನ ಮುಖ ಕೆಂಪೇರಿತು. ಮೊಳೆಗೆ ಚುಚ್ಚಿಟ್ಟಿದ್ದ ಚೀಟಿಗಳ ಕಂತೆಯೊಂದನ್ನು ತಂದು ಅವಳ ಮುಂದೆ ಹಿಡಿದ. "ಇದನ್ನ ಒಮ್ಮೆ ನೋಡಿ."

"ಆ ಕಸ ಎಲ್ಲ ನನಗೆ ಬೇಡ. ಯಾರು ಯಾವಾಗ ಯಾವ ಬಟನ್ ಒತ್ತಿದ್ರು ಅಂತ ಕಂಪ್ಯೂಟರೇ ಬರೆದಿಟ್ಟಿರುತ್ತೆ. ಅದು ಸುಳ್ಳು ಹೇಳಲ್ಲ."

ಕಿತ್ತ ಪಟ್ಟಿಗಳನ್ನು ಉಂಡೆ ಮಾಡಿ ಕಸದ ಬುಟ್ಟಿಗೆ ಎಸೆದಳು. ಅವನು ಚೀಟಿಗಳ ಕಂತೆಯನ್ನು ಮತ್ತೆ ಮೊಳೆಗೆ ಚುಚ್ಚಿದ.

ಎಂಥ ಅಹಂಕಾರದ ಮನುಷ್ಯ! ಎಂದುಕೊಂಡಳು ಅವಳು. ಅವನೂ ಅದನ್ನೇ ಅಂದುಕೊಂಡಿದ್ದ ಎಂಬುದು ಬೇರೆ ಮಾತು.

ಅವಳು ಬಂದದ್ದು ಸಣ್ಣ ಕೆಲಸಕ್ಕಲ್ಲ. ಯಾವುದಾದರೂ ವಾರ್ಡಿನವರು ಔಷಧಿ ಕೇಳಿದರೆ, ಆ ವಾರ್ಡಿನ ಹೆಸರು ಹೊತ್ತ ಬಟನ್ ಒಂದು ಟಚ್ ಸ್ಕ್ರೀನಿನಲ್ಲಿ ತಾನಾಗಿ ಹುಟ್ಟುತ್ತದೆ. ಔಷಧಿ ಟ್ರೇ ಸಿದ್ಧಮಾಡಿ ಬಟನ್ ಒತ್ತಿದರೆ ಲೇಬಲ್ ಪ್ರಿಂಟ್ ಆಗುತ್ತದೆ, ಬಟನ್ ಮಾಯವಾಗುತ್ತದೆ. ಲೇಬಲ್ ಅಂಟಿಸಿ ಸಾಮಾನಿನ ಲಿಫ್ಟಿನಲ್ಲಿ ಇಟ್ಟರೆ ಟ್ರೇ ವಾರ್ಡಿಗೆ ಹೋಗುತ್ತದೆ. ಇಷ್ಟು ಸುಲಭದ ಕೆಲಸದಲ್ಲಿ ಒಂದೇ ತಿಂಗಳಿಗೆ ಮೂರು ಟ್ರೇಗಳು ತಪ್ಪು ವಾರ್ಡಿಗೆ ಹೋಗಿದ್ದವು! ನರ್ಸುಗಳು ಎಚ್ಚರದಿಂದಿದ್ದರು, ಯಾರ ಜೀವಕ್ಕೂ ಏನೂ ಆಗಲಿಲ್ಲ. ತಪ್ಪು ಯಾರದೆಂದು ಹೇಳಬೇಕಾದವಳು ಪ್ರೋಗ್ರಾಂ ಬರೆದ ಅವಳೇ.

ಕಂಪ್ಯೂಟರಿನ ದಾಖಲೆ ತೆಗೆದಳು. ಮೂರು ಸಲವೂ ತಪ್ಪು ಬಟನ್ ಒತ್ತಿದ್ದು ಫಾರ್ಮಾಸಿಸ್ಟ್. ಅನುಮಾನವೇ ಇಲ್ಲ.

ಒಂದೇ ಸಾಲಿನ ರಿಪೋರ್ಟ್ ಬರೆದುಕೊಟ್ಟಳು. 'ಪ್ರೋಗ್ರಾಂ ಸರಿಯಿದೆ, ಒತ್ತಿದವರ ತಪ್ಪು.'

*

"ಅವನನ್ನ ಕೆಲಸದಿಂದ ತೆಗೀತಾರಂತೆ ಕಣೇ."

ಹೇಳಿದ್ದು ಅಕ್ಕ. ಅವಳ ಸ್ವಂತ ಅಕ್ಕ, ಅದೇ ಆಸ್ಪತ್ರೆಯ ಮೂರನೇ ಮಹಡಿಯ ಹೆಡ್ ನರ್ಸ್. ಮೂರರಲ್ಲಿ ಒಂದು ಟ್ರೇಯನ್ನು ತಡೆದವಳೂ ಅವಳೇ.

"ಸೋಮವಾರ ವಿಚಾರಣೆ. ಕೆಲಸ ಹೋದ್ರೆ ಲೈಸೆನ್ಸೂ ಹೋಗುತ್ತೆ. ಆಮೇಲೆ ಯಾವ ಔಷಧಿ ಅಂಗಡಿಯವರೂ ಸೇರಿಸಲ್ಲ."

"ಉಪ್ಪು ತಿಂದವರು ನೀರು ಕುಡೀಬೇಕು, ಅಕ್ಕ."

ಅಕ್ಕ ಒಗೆದ ಬಟ್ಟೆ ಮಡಚುವುದನ್ನು ನಿಲ್ಲಿಸಿ ತಂಗಿಯನ್ನೇ ನೋಡಿದಳು.

"ಅವನ ಬಾಯಿ ಕೆಟ್ಟದು ಕಣೇ, ಕೈ ಕೆಟ್ಟದಲ್ಲ. ಹನ್ನೊಂದು ವರ್ಷದಿಂದ ನೋಡಿದ್ದೀನಿ. ನಿನ್ನ ಪ್ರೋಗ್ರಾಂ ಬರೋವರೆಗೂ ಒಂದೇ ಒಂದು ಮಾತ್ರೆ ಆಚೀಚೆ ಆಗಿರಲಿಲ್ಲ. ನೀನು ಅಲ್ಲಿ ಕೂತು ಒಂದು ಬೆಳಗ್ಗೆಯಾದ್ರೂ ನೋಡಿದ್ದೀಯಾ?"

ಅವಳು ನೋಡಿರಲಿಲ್ಲ... ನೋಡಬೇಕೆಂದು ಅನಿಸಿರಲೂ ಇಲ್ಲ.

*

ಶನಿವಾರ ಬೆಳಗ್ಗೆ ಎಂಟಕ್ಕೆ ಔಷಧಿ ಕೋಣೆಯ ಬಾಗಿಲಲ್ಲಿ ನಿಂತಳು.

"ಬಂದ್ರಾ, ಬಟನ್ ಮೇಡಂ? ಇನ್ನೇನು ಕೀಳೋದು ಬಾಕಿ ಇದೆ?"

"ನೀವು ಹೇಗೆ ಒತ್ತುತ್ತೀರಿ ಅಂತ ನೋಡೋಕೆ ಬಂದೆ."

"ನೋಡೋದೇನು?" ಅವನು ಕುರ್ಚಿಯಿಂದ ಎದ್ದು ಅದನ್ನು ಅವಳತ್ತ ತಳ್ಳಿದ. "ಕೂತ್ಕೊಳ್ಳಿ. ಟ್ರೇ ನಾನು ಮಾಡಿಕೊಡ್ತೀನಿ, ಬಟನ್ ನೀವು ಒತ್ತಿ. ಅರ್ಧ ಗಂಟೆ ಸಾಕು."

ಅವಳಿಗೂ ರೋಷ ಬಂತು. ತಾನು ಹೆತ್ತ ಬಟನ್‌ಗಳನ್ನು ಒತ್ತಲು ತನಗೆ ಬಾರದೇ? ಕುಳಿತಳು.

ಮೊದಲ ಐದು ನಿಮಿಷ ಹೂವೆತ್ತಿದಷ್ಟು ಸುಲಭ. ಆಮೇಲೆ ಎಲ್ಲ ವಾರ್ಡುಗಳೂ ಎಚ್ಚರವಾದವು... ಸ್ಕ್ರೀನಿನಲ್ಲಿ ಹತ್ತು, ಹದಿನೈದು, ಇಪ್ಪತ್ತು ಬಟನ್. ಎಡಕ್ಕೆ ಟ್ರೇಗಳ ಸಾಲು, ಪಕ್ಕದಲ್ಲಿ ಟಿರ್ರ್ ಎನ್ನುವ ಪ್ರಿಂಟರ್. ಮೂರನೇ ಮಹಡಿ... ಒತ್ತಿದಳು. ಹೆರಿಗೆ ವಾರ್ಡ್... ಒತ್ತಿದಳು. ಮಕ್ಕಳ ವಾರ್ಡ್... ಬೆರಳು ಚಾಚಿದಳು, ಒತ್ತಿದಳು, ಲೇಬಲ್ ಹರಿದು ಅಂಟಿಸಿ ಟ್ರೇಯನ್ನು ಲಿಫ್ಟಿಗೆ ತಳ್ಳಿದಳು.

ಲಿಫ್ಟಿನ ಬಾಗಿಲು ಮುಚ್ಚುವ ಮೊದಲೇ ಒಂದು ಕೈ ಒಳಗೆ ನುಗ್ಗಿ ಟ್ರೇ ಹೊರಗೆಳೆಯಿತು.

ಅವನು ಟ್ರೇಯನ್ನು ಅವಳ ಮುಂದಿಟ್ಟ. ಒಳಗೆ ಮಕ್ಕಳ ಸಿರಪ್ ಬಾಟಲಿಗಳು. ಮೇಲೆ ಲೇಬಲ್... ಹೃದಯ ವಾರ್ಡ್!

"ನಾನು... ನಾನು ಮಕ್ಕಳ ವಾರ್ಡೇ ಒತ್ತಿದ್ದು!"

"ಹೌದು," ಎಂದ. "ನಾನೂ ಅದನ್ನೇ ಹೇಳಿದ್ದೆ."

ಅವಳು ಸ್ಕ್ರೀನ್ ನೋಡಿದಳು. ಮೇಲ್ತುದಿಯಲ್ಲಿ ಹೊಸದೊಂದು ಕೆಂಪು ಬಟನ್, ತುರ್ತು ಚಿಕಿತ್ಸೆಯದು. ಮಿಕ್ಕ ಬಟನ್‌ಗಳೆಲ್ಲ ಒಂದೊಂದು ಮೆಟ್ಟಿಲು ಕೆಳಗೆ ಇಳಿದಿದ್ದವು.

ಹೊಸ ಬೇಡಿಕೆ ಬಂದಾಗಲೆಲ್ಲ ಹಳೆಯ ಬಟನ್‌ಗಳನ್ನು ಪೂರ್ತಿ ಅಳಿಸಿ, ತುರ್ತಿನದನ್ನು ಮೇಲಿಟ್ಟು, ಎಲ್ಲವನ್ನೂ ಹೊಸದಾಗಿ ಹುಟ್ಟಿಸು ಎಂದು ಬರೆದವಳು ಅವಳೇ. ಕಣ್ಣು ಓದಿ ಬೆರಳು ತಲುಪುವಷ್ಟರಲ್ಲಿ ಬೆರಳಿನಡಿ ಬೇರೆಯೇ ಬಟನ್ ಬಂದು ಕೂತಿರುತ್ತದೆ! ಅವಳ ಆಫೀಸಿನ ತಣ್ಣನೆಯ ಕೋಣೆಯಲ್ಲಿ ಐದೇ ಐದು ಬಟನ್ ಇಟ್ಟುಕೊಂಡು, ಒಂದೊಂದಾಗಿ ನಿಧಾನಕ್ಕೆ ಒತ್ತಿ ನೋಡಿ, ಸರಿಯಿದೆ ಎಂದಿದ್ದಳು.

ದಾಖಲೆ ಸುಳ್ಳು ಹೇಳಿರಲಿಲ್ಲ. ಪೂರ್ತಿ ನಿಜವನ್ನೂ ಹೇಳಿರಲಿಲ್ಲ.

"ಆ ಚೀಟಿಗಳು..." ಅವಳು ಮೊಳೆಯತ್ತ ತಿರುಗಿದಳು. "ಅವತ್ತು ತೋರಿಸಿದ್ರಲ್ಲ?"

ಅವನು ಮೊಳೆಯಿಂದ ಕಂತೆ ತೆಗೆದು ಕೊಟ್ಟ. ಎಲ್ಲವೂ ತಪ್ಪು ಲೇಬಲ್‌ಗಳು. ಪ್ರತಿಯೊಂದರ ಹಿಂದೆಯೂ ಪೆನ್ನಿನಲ್ಲಿ ಬರೆದ ಗಂಟೆ, ನಿಮಿಷ. ನಲವತ್ತೊಂದು!

"ಇಷ್ಟನ್ನ ಲಿಫ್ಟ್ ಬಾಗಿಲಲ್ಲೇ ಹಿಡಿದಿದ್ದೀನಿ. ಮೂರು ನನ್ನ ಕಣ್ಣು ತಪ್ಪಿಸಿದ್ವು." ಅವನ ಸ್ವರ ಮೊದಲ ಬಾರಿಗೆ ತಗ್ಗಿತು. "ಆ ಮೂರನ್ನ ನೆನೆಸಿಕೊಂಡ್ರೆ ಈಗ್ಲೂ ನಿದ್ದೆ ಬರಲ್ಲ, ಮೇಡಂ."

ಅವಳು ತಲೆ ಎತ್ತಿ ಅವನ ಮುಖವನ್ನು ನಿಜವಾಗಿ ನೋಡಿದ್ದು ಆಗಲೇ. ಇಷ್ಟು ದಿನ ಅಹಂಕಾರ ಎಂದುಕೊಂಡದ್ದು ಅಹಂಕಾರವಾಗಿರಲಿಲ್ಲ. ಮೇಲಿನ ಮಹಡಿಗಳಲ್ಲಿ ಮಲಗಿರುವ ಗುರುತಿಲ್ಲದ ಜನರ ಬಗೆಗಿನ ಭಯ ಅದು. ಅವಳ ಎದೆಯೊಳಗೆ ಏನೋ ಕಲಕಿದಂತಾಯಿತು. ನಾಚಿಕೆಯಾ? ಅಷ್ಟೇ ಆಗಿದ್ದರೆ ಚೆನ್ನಾಗಿತ್ತು...

*

"ತಪ್ಪು ನಮ್ಮದು ಅಂತ ಬಾಯಿ ಬಿಟ್ಟೆ ಅಂದ್ರೆ, ಬೇರೆ ಕೆಲಸ ಹುಡುಕ್ಕೋ," ಎಂದು ಅವಳ ಕಂಪನಿಯ ಬಾಸ್ ಫೋನಿನಲ್ಲಿ ಹೇಳಿದ್ದ.

ಸೋಮವಾರ, ಆಡಳಿತಾಧಿಕಾರಿಯ ಕೋಣೆ. ಫಾರ್ಮಾಸಿಸ್ಟ್ ಕೈಕಟ್ಟಿ ನಿಂತಿದ್ದ. ಮೇಜಿನ ಮೇಲೆ ಅವಳ ಒಂದು ಸಾಲಿನ ರಿಪೋರ್ಟ್.

"ನಿಮ್ಮದೇನಾದ್ರೂ ಹೇಳೋದಿದೆಯಾ?" ಅಧಿಕಾರಿ ಅವನನ್ನು ಕೇಳಿದರು.

"ಇಲ್ಲ ಸಾರ್. ಹೇಳಬೇಕಾದವರಿಗೆ ಹೇಳಿ ಆಗಿದೆ."

ಅವಳು ಎದ್ದು ನಿಂತಳು. ನಲವತ್ತೊಂದು ಲೇಬಲ್‌ಗಳನ್ನು ಮೇಜಿನ ಮೇಲೆ ಹರಡಿದಳು. ಪಕ್ಕದಲ್ಲಿ ಆ ತಿಂಗಳು ತುರ್ತು ಬೇಡಿಕೆ ಬಂದ ಸಮಯಗಳ ಪಟ್ಟಿ. ಒಂದೂ ಬಿಡದೆ ತಾಳೆಯಾಗುತ್ತಿತ್ತು.

"ಆ ರಿಪೋರ್ಟ್ ತಪ್ಪು ಸಾರ್. ಇವರ ಬೆರಳು ಸರಿಯಾಗೇ ಇತ್ತು. ಬಟನ್‌ಗಳನ್ನ ಅಲುಗಾಡೋ ಹಾಗೆ ಬರೆದವಳು ನಾನು. ಇವರು ಮೊದಲನೇ ದಿನವೇ ಹೇಳಿದ್ರು. ನಾನು... ನಕ್ಕುಬಿಟ್ಟೆ."

ಅಧಿಕಾರಿ ಲೇಬಲ್‌ಗಳನ್ನೂ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ, ವಿಚಾರಣೆಯನ್ನು ಅಲ್ಲಿಗೇ ಕೈಬಿಟ್ಟರು.

ಹೊರಗೆ ಬಂದದ್ದೇ ತಡ, ಅವನು ಉರಿದುಬಿದ್ದ.

"ಹತ್ತು ದಿನ! ಹತ್ತು ದಿನ ಕಳ್ಳನ ಹಾಗೆ ತಲೆ ತಗ್ಗಿಸಿ ಓಡಾಡಿದ್ದೀನಿ. ಎರಡು ಮಾತಲ್ಲಿ ತೊಳೆದುಬಿಟ್ರಾ?"

"ತೊಳೆದುಹೋಗಲ್ಲ ಅಂತ ಗೊತ್ತು. ಬೈಯಿರಿ. ಎಷ್ಟು ಬೇಕಾದ್ರೂ ಬೈಯಿರಿ!" ಅವಳ ಕಣ್ಣು ತುಂಬಿ ಬಂತು.

ಬೈಯುವುದರಲ್ಲಿ ಎತ್ತಿದ ಕೈಯಾದ ಸಿಡುಕಪ್ಪನಿಗೆ ಆ ಹೊತ್ತಿನಲ್ಲಿ ಒಂದೇ ಒಂದು ಬೈಗುಳವೂ ನೆನಪಾಗಲಿಲ್ಲ.

"ನಿಮ್ಮ ಕಂಪನಿಯವರು ಏನಂತಾರೆ?"

"ಕೆಲಸದಿಂದ ತೆಗೀತಾರೆ. ತೆಗೀಲಿ."

"ತೆಗೀಲಿ ಅಂದ್ರೆ? ಬುದ್ಧಿ ಇದೆಯೇನ್ರೀ ನಿಮಗೆ!"

ಅಷ್ಟು ಹೇಳಿದವನೇ ತಿರುಗಿ, ಇದೀಗ ಹೊರಬಂದ ಕೋಣೆಗೆ ಬಾಗಿಲು ಸಹ ತಟ್ಟದೆ ನುಗ್ಗಿದ. "ಸರಿಮಾಡೋದಾದ್ರೆ ಇವರೇ ಸರಿಮಾಡಬೇಕು ಸಾರ್. ಬೇರೆ ಯಾರೇ ಬಂದ್ರೂ ನಾನು ಮತ್ತೆ ಪ್ಲಾಸ್ಟರ್ ಅಂಟಿಸ್ತೀನಿ!" ಎಂಬ ಅವನ ದನಿ ಕಾರಿಡಾರಿನ ಕೊನೆಯವರೆಗೂ ಕೇಳಿಸಿತು.

ಕಂಪನಿಗೆ ಆಸ್ಪತ್ರೆಯಿಂದ ಹಾಗೆಯೇ ಪತ್ರ ಹೋಯಿತು. ಬಾಸ್ ಹಲ್ಲು ಕಡಿದುಕೊಂಡು ಸುಮ್ಮನಾದ.

*

ಮುಂದಿನ ಎರಡು ವಾರ ಅವಳು ಔಷಧಿ ಕೋಣೆಯ ಮೂಲೆಯಲ್ಲೇ ಕೂತು ಬರೆದಳು. ಇಬ್ಬರೂ ಹಾವು ಮುಂಗುಸಿ ಹಾಗೆ ಕಚ್ಚಾಡಿದರು. ಅಕ್ಷರ ಸಣ್ಣದಾಯಿತು, ಬಣ್ಣ ಕಣ್ಣು ಕುಕ್ಕುತ್ತದೆ, ಅದಕ್ಕೂ ಜಗಳ, ಇದಕ್ಕೂ ಜಗಳ. ಆದರೆ ಅವಳು ಹೊತ್ತಿಗೆ ಸರಿಯಾಗಿ ಊಟಕ್ಕೆ ಏಳದಿದ್ದರೆ ಅವಳ ಮೂಲೆಯ ದೀಪ ಆರಿಸುತ್ತಿದ್ದವನೂ ಅವನೇ.

"ಯಾವ ವಾರ್ಡ್ ಎಲ್ಲಿರಬೇಕು?" ಒಂದು ದಿನ ಕೇಳಿದಳು. "ಆ ಪಟ್ಟಿಗಳು ಇದ್ದಿದ್ರೆ..."

ಅವನು ಮಾತಾಡದೆ ಕಪಾಟಿನ ಬಾಗಿಲು ತೆರೆದ. ಒಳಮೈಗೆ ಅವೇ ಪಟ್ಟಿಗಳು, ಸುಕ್ಕು ಬಿಡಿಸಿ ಸಾಲಾಗಿ ಅಂಟಿಸಿದ್ದವು. ಬುಟ್ಟಿಯಿಂದ ಹೆಕ್ಕಿ ಇಟ್ಟುಕೊಂಡಿದ್ದ!

ಅವಳು ಅದನ್ನೇ ನೋಡಿ ಬರೆದಳು. ಒಂದೊಂದು ವಾರ್ಡಿಗೆ ಒಂದೊಂದು ಜಾಗ. ಬೇಡಿಕೆ ಬಂದರೆ ಬಟನ್ ಅಲ್ಲೇ ಹುಟ್ಟಬೇಕು, ಕೆಲಸ ಮುಗಿದರೆ ಅಲ್ಲೇ ಅಳಿಯಬೇಕು. ತುರ್ತಿದ್ದರೆ ಕೆಂಪಾಗಲಿ, ಮಿನುಗಲಿ, ಆದರೆ ಪಕ್ಕದವರನ್ನು ತಳ್ಳಬಾರದು.

ಕೊನೆಯ ದಿನ ಬೆಳಗ್ಗೆ ಎಂಟು ಗಂಟೆ. ಸ್ಕ್ರೀನ್ ತುಂಬ ಬಟನ್. ತುರ್ತು ಚಿಕಿತ್ಸೆಯದು ಕೆಂಪಗೆ ಮಿನುಗಿತು... ಉಳಿದದ್ದು ಒಂದೂ ಅಲುಗಲಿಲ್ಲ. ಒಂಬತ್ತೂವರೆಗೆ ಅವನು ಖಾಲಿ ಮೊಳೆಯನ್ನು ತೋರಿಸಿದ. ತಪ್ಪು ಲೇಬಲ್ ಒಂದೂ ಇಲ್ಲ.

ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

"ಸರಿ... ನನ್ನ ಕೆಲಸ ಮುಗೀತು. ಬರ್ತೀನಿ." ಚೀಲ ಹೆಗಲಿಗೇರಿಸಿದಳು. ತಡೆಯಬಾರದೇ ಈ ಮನುಷ್ಯ? ಬೈದಾದರೂ ತಡೆಯಬಾರದೇ!

"ಎಲ್ಲಿ ಮುಗೀತು? ಒಂದು ತಪ್ಪು ಉಳಿದಿದೆ." ಎಂದಿನ ಸಿಡುಕು ದನಿ.

"ಎಲ್ಲಿ?"

ಸ್ಕ್ರೀನಿನ ಕೆಳಮೂಲೆಯ ಖಾಲಿ ಜಾಗ ತೋರಿಸಿದ. "ಇಲ್ಲಿ ಒಂದು ಬಟನ್ ಬೇಕಿತ್ತು. ನೀವು ಮಾಡಲಿಲ್ಲ."

ಕತ್ತರಿ ತೆಗೆದು ಪ್ಲಾಸ್ಟರ್ ತುಂಡರಿಸಿದ. ಬೆನ್ನು ತಿರುಗಿಸಿ ಏನೋ ಬರೆದ. ಆ ಮೂಲೆಗೆ ಅಂಟಿಸಿ, ಬೆರಳಿನಿಂದ ಚೆನ್ನಾಗಿ ಒತ್ತಿ, ದೂರ ಸರಿದು ನಿಂತ. ಕಿವಿ ಕೆಂಪಾಗಿತ್ತು.

ಅವಳು ಬಗ್ಗಿ ಓದಿದಳು. 'ನಾಳೆಯೂ ಬನ್ನಿ. ದಿನಾ ಬನ್ನಿ.'

"ಸಿಡುಕದೆ ಹೇಳೋಕೆ ನನಗೆ ಬರಲ್ಲ," ಎಂದ ಗೋಡೆಯನ್ನು ನೋಡುತ್ತ. "ಅದಕ್ಕೇ ಬರೆದೆ. ನೀವಂದ್ರೆ ನನಗೆ ಇಷ್ಟ. ಬೇಡ ಅಂದ್ರೆ ಕಿತ್ತು ಬುಟ್ಟಿಗೆ ಹಾಕಿ. ಅಭ್ಯಾಸ ಇದೆಯಲ್ಲ ನಿಮಗೆ!"

ಕಣ್ಣೀರೂ ನಗುವೂ ಒಟ್ಟಿಗೇ ಬಂದವು. ಅವಳು ಬೆರಳಿನಿಂದ ಆ ಪಟ್ಟಿಯನ್ನು ಒತ್ತಿದಳು.

"ಏನೂ ಆಗ್ತಿಲ್ಲ ಇದು..."

"ಆಯ್ತಲ್ಲ." ಅವನು ಈಗ ಅವಳನ್ನೇ ನೋಡುತ್ತಿದ್ದ. ಹುಬ್ಬಿನ ಗಂಟು ಎಲ್ಲೋ ಹೋಗಿತ್ತು. "ನೀವು ಒತ್ತಿದ್ರಲ್ಲ."

"ಮತ್ತೆ... ಇದು ಜಾಗ ಬಿಟ್ಟು ಓಡಲ್ಲ ತಾನೇ?"

"ಪ್ಲಾಸ್ಟರ್ ಕಣ್ರೀ. ಕೀಳೋಕೆ ಹೋದ್ರೆ ನೋಯುತ್ತೆ."